ಬೆಳಗಾವಿಯಿಂದ ಲಂಡನ್ ಎಷ್ಟು ದೂರ, ಎಷ್ಟು ಹೊತ್ತು? ನೀವೇ ಲೆಕ್ಕ ಹಾಕುವ ಬಗೆ

ಬೆಳಗಾವಿಯ ಟಿಳಕವಾಡಿಯ ನಮ್ಮ ಓಣಿಯ ತಾಯಿಯೊಬ್ಬರು ಒಂದು ಸಂಜೆ ಮನೆಗೆ ಬಂದರು. ಮಗ ಓದಲು ಲಂಡನ್ನಿಗೆ ಹೊರಟಿದ್ದ. ಕೈಯಲ್ಲಿ ಮೊಬೈಲ್ ಇತ್ತು, ಅದರಲ್ಲಿ ಮೂರು ಉತ್ತರಗಳಿದ್ದವು. ಒಂದು ಕಡೆ ಏಳು ಸಾವಿರದ ಆರುನೂರು ಕಿ.ಮೀ., ಇನ್ನೊಂದು ಕಡೆ ಎಂಟೂವರೆ ಸಾವಿರ, ಮತ್ತೊಂದು ಕಡೆ ಒಂಬತ್ತೂವರೆ ಗಂಟೆಯ ಪ್ರಯಾಣ. ಟಿಕೆಟಿನಲ್ಲಿ ನೋಡಿದರೆ ಮಧ್ಯಾಹ್ನ ಹೊರಟ ವಿಮಾನ ಅದೇ ಸಂಜೆ ತಲುಪುತ್ತದೆ. "ಯಾವುದು ಖರೆ ಸರ್?" ಎಂದು ಕೇಳಿದರು.

ಎಲ್ಲವೂ ಖರೆ. ಒಂದೊಂದೂ ಬೇರೆ ಪ್ರಶ್ನೆಗೆ ಕೊಟ್ಟ ಉತ್ತರ, ಅಷ್ಟೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಮತ್ತು ಗಣಿತ ಕಲಿಸಿದವನು ನಾನು. ಈ ಲೆಕ್ಕಕ್ಕೆ ಹತ್ತನೇ ತರಗತಿಯ ಗಣಿತಕ್ಕಿಂತ ಹೆಚ್ಚು ಬೇಕಿಲ್ಲ. ಒಮ್ಮೆ ಕೈಯಾರೆ ಮಾಡಿದರೆ ಬೆಳಗಾವಿ ಇರಲಿ, ಬಾಗಲಕೋಟೆ, ವಿಜಯಪುರ ಇರಲಿ, ಜಗತ್ತಿನ ಯಾವ ಊರಿಗೂ ನೀವೇ ಹಾಕಬಹುದು. ಅಂದು ಅವರಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತೇನೆ.

ಮೊದಲ ಹೆಜ್ಜೆ: ಯಾವ ಊರು, ಅದರ ಯಾವ ಬಿಂದು

ಲಂಡನ್ ಎಂಬ ಊರು ಇಂಗ್ಲೆಂಡಿನಲ್ಲಿದೆ, ಕೆನಡಾದ ಒಂಟಾರಿಯೊದಲ್ಲೂ ಇದೆ. ನಮ್ಮ ಊರು 2014ರ ನವೆಂಬರ್ 1ರಂದು ಅಧಿಕೃತವಾಗಿ ಬೆಳಗಾವಿಯಾಯಿತು, ಆದರೂ ಅನೇಕ ಜಾಲತಾಣಗಳಲ್ಲಿ ಇಂದಿಗೂ ಬೆಳಗಾಂ ಎಂದು ಹುಡುಕಿದರೇ ಸಿಗುತ್ತದೆ. ಹೆಸರನ್ನು ನಂಬಿ ಕೂರುವ ಬದಲು ಅಕ್ಷಾಂಶ, ರೇಖಾಂಶ ಹಿಡಿಯಿರಿ. ಮೊಬೈಲಿನ ನಕ್ಷೆಯಲ್ಲಿ ಬೇಕಾದ ಜಾಗದ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಎರಡು ಸಂಖ್ಯೆಗಳು ಕಾಣುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ.

ಊರಿನ ನಡುಭಾಗವನ್ನು ಹಿಡಿಯುವುದೋ, ವಿಮಾನ ನಿಲ್ದಾಣವನ್ನೋ? ವಿಮಾನದ ಲೆಕ್ಕಕ್ಕೆ ನಿಲ್ದಾಣವೇ ಸರಿ. ಲಂಡನ್ ಸುತ್ತ ಹೀಥ್ರೂ, ಗ್ಯಾಟ್‌ವಿಕ್, ಸ್ಟಾನ್‌ಸ್ಟೆಡ್, ಲೂಟನ್ ಎಂದು ಹಲವು ನಿಲ್ದಾಣಗಳಿವೆ. ಟಿಕೆಟಿನಲ್ಲಿ ಯಾವುದಿದೆ ಎಂದು ನೋಡಿಕೊಳ್ಳಿ. ನಾನು ಈ ಬರಹದಲ್ಲಿ ಬಳಸುವ ಸಂಖ್ಯೆಗಳು ಇವು. ಸಾಂಬ್ರಾ, ಅಂದರೆ ಬೆಳಗಾವಿಯ ವಿಮಾನ ನಿಲ್ದಾಣ: 15.86 ಉತ್ತರ, 74.62 ಪೂರ್ವ. ಬೆಂಗಳೂರು: 13.20 ಉತ್ತರ, 77.71 ಪೂರ್ವ. ಮುಂಬೈ: 19.09 ಉತ್ತರ, 72.87 ಪೂರ್ವ. ದುಬೈ: 25.25 ಉತ್ತರ, 55.36 ಪೂರ್ವ. ಹೀಥ್ರೂ: 51.47 ಉತ್ತರ, 0.45 ಪಶ್ಚಿಮ.

ಕೊನೆಯ ಆ "ಪಶ್ಚಿಮ" ಎಂಬ ಪದವನ್ನು ಮರೆಯಬೇಡಿ. ಮುಂದೆ ಬೇಕಾಗುತ್ತದೆ.

ಎರಡನೇ ಹೆಜ್ಜೆ: ಹತ್ತಿರದ ದೇಶವಾದರೆ ಪೆನ್ಸಿಲ್ಲೇ ಸಾಕು

ಭೂಮಿಯ ಸರಾಸರಿ ಸುತ್ತಳತೆ ಸುಮಾರು 40,030 ಕಿ.ಮೀ. ಅದನ್ನು 360 ಡಿಗ್ರಿಗೆ ಹಂಚಿದರೆ ಒಂದು ಡಿಗ್ರಿಗೆ 111.2 ಕಿ.ಮೀ. ನೆನಪಿಡಬೇಕಾದ ಸಂಖ್ಯೆ ಇದೊಂದೇ.

ದುಬೈಯನ್ನು ತೆಗೆದುಕೊಳ್ಳೋಣ. ಸಾಂಬ್ರಾದಿಂದ ದುಬೈಗೆ ಅಕ್ಷಾಂಶದ ವ್ಯತ್ಯಾಸ 9.39 ಡಿಗ್ರಿ. 111.2ರಿಂದ ಗುಣಿಸಿದರೆ 1,044 ಕಿ.ಮೀ. ಅಂದರೆ ದುಬೈ ನಮಗಿಂತ ಅಷ್ಟು ಉತ್ತರಕ್ಕಿದೆ. ರೇಖಾಂಶದ ವ್ಯತ್ಯಾಸ 19.26 ಡಿಗ್ರಿ. ಇದನ್ನು ನೇರವಾಗಿ ಗುಣಿಸುವಂತಿಲ್ಲ, ಏಕೆಂದರೆ ಧ್ರುವದ ಕಡೆ ಹೋದಂತೆ ರೇಖಾಂಶಗಳು ಒಂದರ ಹತ್ತಿರ ಒಂದು ಬರುತ್ತವೆ. ಕಿತ್ತಳೆ ತೊಳೆ ನಡುವೆ ಅಗಲ, ತುದಿಯಲ್ಲಿ ಚೂಪು. ಎಷ್ಟು ಕಿರಿದಾಗಿದೆ ಎಂಬುದನ್ನು ಕೊಸೈನ್ ಹೇಳುತ್ತದೆ. ಎರಡು ಊರುಗಳ ಅಕ್ಷಾಂಶದ ಸರಾಸರಿ 20.55, ಅದರ ಕೊಸೈನ್ 0.9364. ಹಾಗಾಗಿ 19.26 × 111.2 × 0.9364, ಅಂದರೆ 2,005 ಕಿ.ಮೀ. ಪಶ್ಚಿಮಕ್ಕೆ.

ಈಗ ಉತ್ತರಕ್ಕೆ 1,044, ಪಶ್ಚಿಮಕ್ಕೆ 2,005. ಲಂಬಕೋನ ತ್ರಿಭುಜದ ಎರಡು ಬದಿಗಳು ಸಿಕ್ಕವು, ಮೂರನೆಯದನ್ನು ಪೈಥಾಗೊರಸ್ ಪ್ರಮೇಯ ಕೊಡುತ್ತದೆ: 2,260 ಕಿ.ಮೀ. ಗೋಳದ ಪೂರ್ಣ ಸೂತ್ರ ಹಾಕಿದರೆ 2,257 ಬರುತ್ತದೆ. ಮೂರು ಕಿ.ಮೀ. ವ್ಯತ್ಯಾಸ, ಅಂದರೆ ಸಾಂಬ್ರಾ ರಸ್ತೆಯಲ್ಲಿ ಎರಡು ಬಸ್ ನಿಲ್ದಾಣಗಳಷ್ಟು. ಈ ಪ್ರಮೇಯ ಬಾಳಿನಲ್ಲಿ ಎಲ್ಲಿ ಬರುತ್ತದೆ ಎಂದು ಮಕ್ಕಳು ಪ್ರತಿ ವರ್ಷ ಕೇಳುತ್ತಿದ್ದರು. ಇಲ್ಲಿ ಬರುತ್ತದೆ. ದುಬೈ, ಮಸ್ಕತ್, ಕೊಲಂಬೊ, ಕಠ್ಮಂಡುಗಳಿಗೆ ಈ ದಾರಿ ಧಾರಾಳ ಸಾಕು.

ಮೂರನೇ ಹೆಜ್ಜೆ: ದೂರದ ದೇಶಕ್ಕೆ ಗೋಳದ ಲೆಕ್ಕ

ಅದೇ ಪೆನ್ಸಿಲ್ ಲೆಕ್ಕವನ್ನು ಲಂಡನ್ನಿಗೆ ಹಾಕಿ ನೋಡಿ, ಹತ್ತಿರ ಹತ್ತಿರ 8,000 ಕಿ.ಮೀ. ಬರುತ್ತದೆ. ಸರಿಯಾದ ಉತ್ತರ 7,606. ಭೂಮಿಯನ್ನು ಹಾಳೆಯಂತೆ ಚಪ್ಪಟೆ ಮಾಡಿದ್ದಕ್ಕೆ ಸುಮಾರು 390 ಕಿ.ಮೀ. ದಂಡ ಬಿತ್ತು.

ಸರಿಯಾದ ದಾರಿ ಇದು. ಮೊಬೈಲಿನ ಕ್ಯಾಲ್ಕುಲೇಟರ್ ತೆರೆದು ಅಡ್ಡ ಹಿಡಿಯಿರಿ. ಹೆಚ್ಚಿನ ಮೊಬೈಲುಗಳಲ್ಲಿ ಸೈನ್, ಕೊಸೈನ್ ಗುಂಡಿಗಳು ಕಾಣುತ್ತವೆ. ಅದು ಡಿಗ್ರಿಯಲ್ಲಿದೆಯೋ ರೇಡಿಯನ್ನಿನಲ್ಲಿದೆಯೋ ಎಂದು ಮೊದಲು ನೋಡಿ. ಸೈನ್ 30 ಒತ್ತಿದಾಗ 0.5 ಬಂದರೆ ಡಿಗ್ರಿಯಲ್ಲಿದೆ. ಬೇರೇನಾದರೂ ಬಂದರೆ ಮುಂದಿನ ಶ್ರಮವೆಲ್ಲ ವ್ಯರ್ಥ.

ಎರಡೂ ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ: 0.2733 × 0.7823, ಅಂದರೆ 0.2138. ಬದಿಗೆ ಬರೆದಿಡಿ.

ಬಳಿಕ ರೇಖಾಂಶದ ವ್ಯತ್ಯಾಸ. ಹೆಚ್ಚಿನವರು ಎಡವುವುದು ಇಲ್ಲಿಯೇ. ಸೊನ್ನೆ ರೇಖಾಂಶ ಹಾದುಹೋಗುವ ಗ್ರೀನಿಚ್ಚಿನ ಪೂರ್ವಕ್ಕೆ ಸಾಂಬ್ರಾ, ಪಶ್ಚಿಮಕ್ಕೆ ಹೀಥ್ರೂ. ಬೇಲಿಯ ಆಚೆಗೊಬ್ಬ ಈಚೆಗೊಬ್ಬ ನಿಂತರೆ ಇಬ್ಬರ ನಡುವಿನ ದೂರ ತಿಳಿಯಲು ಕೂಡಬೇಕು, ಕಳೆಯಬಾರದು. 74.62 + 0.45, ಅಂದರೆ 75.07. ಈಗ ಎರಡೂ ಅಕ್ಷಾಂಶಗಳ ಕೊಸೈನ್‌ಗಳನ್ನೂ ಈ 75.07ರ ಕೊಸೈನನ್ನೂ ಒಟ್ಟಿಗೆ ಗುಣಿಸಿ: 0.9619 × 0.6229 × 0.2576. ಬರುವುದು 0.1544ಕ್ಕೆ ಹತ್ತಿರ.

ಎರಡನ್ನೂ ಕೂಡಿದರೆ 0.3682. ಯಾವ ಕೋನದ ಕೊಸೈನ್ ಇಷ್ಟಿದೆ ಎಂದು ವಿಲೋಮ ಕೊಸೈನ್ ಗುಂಡಿಯಿಂದ ಕೇಳಿ. 68.4 ಡಿಗ್ರಿ ಎನ್ನುತ್ತದೆ. 111.2ರಿಂದ ಗುಣಿಸಿದರೆ 7,606 ಕಿ.ಮೀ.

ಬೇರೆ ಬೇರೆ ಕಡೆ ಹತ್ತಿಪ್ಪತ್ತು ಕಿ.ಮೀ. ಹೆಚ್ಚು ಕಡಿಮೆ ಕಂಡರೆ ಗಾಬರಿ ಬೇಡ. ಭೂಮಿ ಪೂರ್ತಿ ದುಂಡಗಿಲ್ಲ. ಸಮಭಾಜಕದಲ್ಲಿ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357. ಈ ಚಪ್ಪಟೆತನವನ್ನು ಹಿಡಿದು ಲೆಕ್ಕ ಹಾಕಿದವರ ಉತ್ತರ ನಮ್ಮದಕ್ಕಿಂತ ತುಸು ಬೇರೆ ಬರುತ್ತದೆ. ಕೆಲವು ಕಡೆ ನಾಟಿಕಲ್ ಮೈಲಿಯಲ್ಲಿ ಇರುತ್ತದೆ, ಅದನ್ನು 1.852ರಿಂದ ಗುಣಿಸಿ.

ದಾರ ಹಿಡಿದು ನೋಡುವುದು

ಸೂತ್ರ ಬೇಡ ಎನ್ನುವವರಿಗೆ ಹೊಲಿಗೆ ದಾರ ಇದೆ. ಸೂತ್ರ ಬಂದವರೂ ಇದನ್ನು ಒಮ್ಮೆ ಮಾಡಲೇಬೇಕು ಎಂದು ನನ್ನ ಒತ್ತಾಯ. ನನ್ನ ಬಳಿ ಇರುವುದು 30 ಸೆಂ.ಮೀ. ವ್ಯಾಸದ ಹಳೆಯ ಗೋಳ. ಅದರ ಸುತ್ತಳತೆ 94 ಸೆಂ.ಮೀ., ಅಂದರೆ ಒಂದು ಸೆಂ.ಮೀ.ಗೆ ಸುಮಾರು 425 ಕಿ.ಮೀ. ಬೆಳಗಾವಿಯ ಮೇಲೆ ದಾರದ ಒಂದು ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ, ಇನ್ನೊಂದು ತುದಿಯನ್ನು ಲಂಡನ್ನಿನ ಮೇಲೆ ಬಿಗಿಯಾಗಿ ಎಳೆಯಿರಿ. ದಾರ ತಾನಾಗಿ ಜಾರಿ ಅತಿ ಹತ್ತಿರದ ದಾರಿಯಲ್ಲಿ ನಿಲ್ಲುತ್ತದೆ. ತೆಗೆದು ಸ್ಕೇಲಿಗೆ ಇಟ್ಟರೆ 18 ಸೆಂ.ಮೀ.ಗೆ ಕೂದಲೆಳೆ ಕಡಿಮೆ. ಗುಣಿಸಿ ನೋಡಿ, 7,600ರ ಸುತ್ತಲೇ ಬರುತ್ತದೆ.

ಆ ತಾಯಿ ದಾರ ಹಿಡಿದಾಗ ಅವರ ಕಣ್ಣು ಹೋದದ್ದು ಅಳತೆಯ ಮೇಲಲ್ಲ, ದಾರದ ಕೆಳಗೆ ಬಂದ ದೇಶಗಳ ಮೇಲೆ. ಗೋಡೆಯ ನಕ್ಷೆಯಲ್ಲಿ ಗೆರೆ ಎಳೆದರೆ ಲಂಡನ್ನಿನ ದಾರಿ ಅರಬಸ್ಥಾನ, ಮೆಡಿಟರೇನಿಯನ್ ಮೇಲೆ ಹೋದಂತೆ ಕಾಣುತ್ತದೆ. ಗೋಳದ ಮೇಲೆ ದಾರ ಮುಂಬೈಯ ಮಗ್ಗುಲಿನಿಂದ ದ್ವಾರಕೆ, ಪಾಕಿಸ್ತಾನದ ಕರಾವಳಿ, ಇರಾನಿನ ಟೆಹರಾನ್ ಆಸುಪಾಸು, ಕಾಕಸಸ್ ಬೆಟ್ಟಗಳು, ಕಪ್ಪು ಸಮುದ್ರ, ಉಕ್ರೇನ್, ಜರ್ಮನಿ ಹೀಗೆ ಉತ್ತರಕ್ಕೆ ಬಾಗಿ ಹೋಗುತ್ತದೆ. ಗೋಳದ ಮೇಲಿನ ಈ ನೇರ ಗೆರೆಗೆ ಮಹಾವೃತ್ತ ಎಂದು ಹೆಸರು.

ಇದು ಗೊತ್ತಾದ ಕೂಡಲೇ ಇನ್ನೊಂದು ಪ್ರಶ್ನೆ ಏಳುತ್ತದೆ: ವಿಮಾನ ಈ ದಾರದ ಮೇಲೆಯೇ ಹೋಗುತ್ತದೆಯೇ? ಇಲ್ಲ. ಆಕಾಶಕ್ಕೂ ಗಡಿಗಳಿವೆ. 2022ರ ಫೆಬ್ರುವರಿಯಲ್ಲಿ ಯುದ್ಧ ಶುರುವಾದಂದಿನಿಂದ ಉಕ್ರೇನಿನ ಆಕಾಶದಲ್ಲಿ ನಾಗರಿಕ ವಿಮಾನಗಳ ಸಂಚಾರ ನಿಂತಿದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತೀಯ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. ಅದೇ ವರ್ಷದ ಜೂನ್‌ನಲ್ಲಿ ಇರಾನಿನ ಆಕಾಶವೂ ಕೆಲವು ದಿನ ಮುಚ್ಚಿತ್ತು. ದಾರದ ಕೆಳಗಿನ ಮೂರು ದೇಶಗಳಿವು. ಸುತ್ತು ಬಳಸಿ ಹೋದಂತೆ ದೂರ ನೂರಾರು ಕಿ.ಮೀ. ಬೆಳೆಯುತ್ತದೆ. ಆದ್ದರಿಂದ ಮಹಾವೃತ್ತದ ದೂರವನ್ನು "ಇದಕ್ಕಿಂತ ಕಡಿಮೆ ಸಾಧ್ಯವಿಲ್ಲ" ಎಂಬ ಅರ್ಥದಲ್ಲಿ ಓದಿ. ಇಂದು ವಿಮಾನ ನಿಜವಾಗಿ ಯಾವ ದಾರಿ ಹಿಡಿದಿದೆ ಎಂಬುದನ್ನು ವಿಮಾನಗಳ ಜಾಡು ತೋರಿಸುವ ಮೊಬೈಲ್ ಆ್ಯಪ್‌ಗಳಲ್ಲಿ ಕಣ್ಣಾರೆ ನೋಡಬಹುದು.

ನಾಲ್ಕನೇ ಹೆಜ್ಜೆ: ನೇರ ವಿಮಾನವಿಲ್ಲದ ಊರಿನವರ ಲೆಕ್ಕ

ಸಾಂಬ್ರಾದಿಂದ ಲಂಡನ್ನಿಗೆ ನೇರ ವಿಮಾನ ಇಲ್ಲ. ಹಾಗಾಗಿ 7,606 ಎಂಬುದು ಹಕ್ಕಿಗೆ ಹೊಂದುವ ಸಂಖ್ಯೆ, ನಮಗಲ್ಲ. ನಾವು ತುಂಡು ತುಂಡಾಗಿ ಲೆಕ್ಕ ಹಾಕಿ ಕೂಡಬೇಕು.

ಬೆಂಗಳೂರಿನ ಮೇಲೆ ಹೋದರೆ ಮೊದಲು 444 ಕಿ.ಮೀ. ಆಗ್ನೇಯಕ್ಕೆ, ಅಂದರೆ ಲಂಡನ್ನಿಗೆ ಬೆನ್ನು ಹಾಕಿ ಹೋಗುತ್ತೇವೆ. ಅಲ್ಲಿಂದ ಹೀಥ್ರೂಗೆ ಸುಮಾರು 8,045. ಒಟ್ಟು 8,490ರ ಹತ್ತಿರ. ಮುಂಬೈ ಮೇಲೆ ಹೋದರೆ 404 ಮತ್ತು 7,212, ಒಟ್ಟು 7,616. ಇದನ್ನು ಮೊದಲ ಸಲ ಕೂಡಿ ನೋಡಿದಾಗ ನಾನು ಮತ್ತೊಮ್ಮೆ ಲೆಕ್ಕ ಹಾಕಿದೆ. ಹಕ್ಕಿಯ ದಾರಿಗಿಂತ ಬರೀ ಹತ್ತು ಕಿ.ಮೀ. ಹೆಚ್ಚು! ಮುಂಬೈ ನಮ್ಮ ಲಂಡನ್ ದಾರಿಯ ಮೇಲೆಯೇ ಕುಳಿತಿದೆ. ಬೆಂಗಳೂರಿನ ದಾರಿ ಅದಕ್ಕಿಂತ ಸುಮಾರು 870 ಕಿ.ಮೀ. ಉದ್ದ. ಬೆಂಗಳೂರಿನಿಂದ ದುಬೈಯಲ್ಲಿ ಇಳಿದು ಹೋದರೆ 444, 2,700, 5,500 ಕೂಡಿ 8,640ರ ಸುತ್ತ. ಬೆಂಗಳೂರಿನ ನೇರ ದಾರಿಗೂ ಇದಕ್ಕೂ ದೂರದಲ್ಲಿ ದೊಡ್ಡ ಅಂತರವೇನಿಲ್ಲ. ಅಂತರ ಇರುವುದು ದುಬೈಯಲ್ಲಿ ಕಾಯುವ ಹೊತ್ತಿನಲ್ಲಿ.

ವಿಜಯಪುರದವರು ಹೈದರಾಬಾದ್, ಪುಣೆ, ಬೆಂಗಳೂರು ಎಂದು, ಬಾಗಲಕೋಟೆಯವರು ಹುಬ್ಬಳ್ಳಿ, ಬೆಳಗಾವಿ, ಗೋವಾ ಎಂದು ಇದೇ ರೀತಿ ಎರಡು ಮೂರು ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ರಸ್ತೆಯ ತುಂಡಿಗೆ ಕಿ.ಮೀ. ಬದಲು ಗಂಟೆಯನ್ನೇ ಬರೆಯಿರಿ. ಚೋರ್ಲಾ ಘಾಟಿನಲ್ಲಿ ಮಳೆಗಾಲದ ನೂರು ಕಿ.ಮೀ.ಗೂ ಪುಣೆ ಹೆದ್ದಾರಿಯ ನೂರು ಕಿ.ಮೀ.ಗೂ ಹೋಲಿಕೆ ಇಲ್ಲ.

ಐದನೇ ಹೆಜ್ಜೆ: ದೂರದಿಂದ ಹೊತ್ತಿಗೆ

ದೊಡ್ಡ ಜೆಟ್ ವಿಮಾನ ಮೇಲೇರಿದ ಮೇಲೆ ಗಂಟೆಗೆ ಸುಮಾರು 900 ಕಿ.ಮೀ. ಹಾರುತ್ತದೆ. ಲೆಕ್ಕಕ್ಕೆ 850 ಇಟ್ಟುಕೊಳ್ಳಿ. ಗೇಟಿನಿಂದ ಹೊರಟು ರನ್‌ವೇ ಸೇರುವುದು, ಏರುವುದು, ಇಳಿಯುವುದು ಇವಕ್ಕೆಲ್ಲ ಸೇರಿ 35-40 ನಿಮಿಷ ಕೂಡಿ. ಬೆಂಗಳೂರು-ಹೀಥ್ರೂ: 8,045 ಭಾಗಿಸು 850, ಒಂಬತ್ತೂವರೆ ಗಂಟೆ. ಮೇಲೆ ನಲವತ್ತು ನಿಮಿಷ. ಹತ್ತು ಗಂಟೆ ದಾಟಿತು. ಸಾಂಬ್ರಾದಿಂದ ಹಾರುವ ಪ್ರೊಪೆಲ್ಲರಿನ ಎಟಿಆರ್ ವಿಮಾನವಾದರೆ 850ರ ಬದಲು 500 ಹಾಕಿ. ಬೆಂಗಳೂರಿಗೆ ಒಂದೂಕಾಲು ಗಂಟೆ ಹಿಡಿಯುವುದು ಅದಕ್ಕೆ.

ಇನ್ನು ಗಾಳಿ. ಆಷಾಢದಲ್ಲಿ ಸಾಂಬ್ರಾದಿಂದ ಊರಿನ ಕಡೆ ಸೈಕಲ್ ತುಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಪಡುವಣ ಗಾಳಿ ಎದೆಗೆ ಬಡಿಯುತ್ತದೆ, ತುಳಿತ ಅಷ್ಟೇ ಇದ್ದರೂ ದಾರಿ ಸಾಗುವುದಿಲ್ಲ. ಹತ್ತು ಕಿ.ಮೀ. ಎತ್ತರದಲ್ಲಿಯೂ ನಮ್ಮ ಉತ್ತರ ಭಾಗದಿಂದ ಯುರೋಪಿನವರೆಗೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಲವಾದ ಗಾಳಿಯ ಹೊಳೆಗಳಿವೆ, ಚಳಿಗಾಲದಲ್ಲಿ ಅವುಗಳ ರಭಸ ಹೆಚ್ಚು. ದಾರಿಯುದ್ದಕ್ಕೂ ಸರಾಸರಿ 50 ಕಿ.ಮೀ. ಎದುರುಗಾಳಿ ಇದ್ದರೆ 900ರ ವೇಗ ನೆಲದ ಲೆಕ್ಕದಲ್ಲಿ 850 ಆಗುತ್ತದೆ, ಮರಳಿ ಬರುವಾಗ ಅದೇ ಗಾಳಿ ಬೆನ್ನಿಗೆ ಬಿದ್ದು 950. ಎಂಟು ಸಾವಿರ ಕಿ.ಮೀ.ಗೆ ಇಷ್ಟರಿಂದಲೇ ಒಂದು ಗಂಟೆ ವ್ಯತ್ಯಾಸ. ಲಂಡನ್ನಿಗೆ ಹೋಗುವಾಗ ಹತ್ತೂವರೆ ಗಂಟೆಯ ಆಸುಪಾಸು, ಬರುವಾಗ ಅದಕ್ಕಿಂತ ಮುಕ್ಕಾಲು-ಒಂದು ಗಂಟೆ ಕಡಿಮೆ ಎಂದು ಹಿಡಿದರೆ ಮೋಸವಿಲ್ಲ. ಎರಡೂ ಕಡೆಗೆ ಒಂದೇ ವೇಳೆ ತೋರಿಸುವ ಪುಟ ಕಂಡರೆ ಅದು ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು ತಿಳಿಯಿರಿ.

ಆರನೇ ಹೆಜ್ಜೆ: ಗಡಿಯಾರ

ಟಿಕೆಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ಒಂದರಿಂದ ಇನ್ನೊಂದನ್ನು ಕಳೆದರೆ ಪ್ರಯಾಣದ ಅವಧಿ ಸಿಗುವುದಿಲ್ಲ. ಮಧ್ಯಾಹ್ನ ಒಂದೂವರೆಗೆ ಹೊರಟು ಸಂಜೆ ಆರೂವರೆಗೆ ತಲುಪುತ್ತದೆ ಎಂದರೆ ಐದು ಗಂಟೆಯ ಪ್ರಯಾಣವಲ್ಲ.

ಯಾವಾಗಲೂ ನಮ್ಮ ಗಡಿಯಾರದಲ್ಲೇ ಲೆಕ್ಕ ಹಾಕಿ, ಕೊನೆಗೆ ಬದಲಿಸಿ. ಒಂದೂವರೆಗೆ ಹತ್ತೂವರೆ ಗಂಟೆ ಕೂಡಿದರೆ ನಮ್ಮಲ್ಲಿ ಮಧ್ಯರಾತ್ರಿ ಹನ್ನೆರಡು. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ, ಆದ್ದರಿಂದ ಅಲ್ಲಿ ಸಂಜೆ ಆರೂವರೆ. ಮರಳಿ ಬರುವಾಗ ಲಂಡನ್ನಿನಲ್ಲಿ ರಾತ್ರಿ ಒಂಬತ್ತಕ್ಕೆ ಹೊರಟರೆ ನಮ್ಮಲ್ಲಿ ಆಗಲೇ ಮರುದಿನ ನಸುಕಿನ ಎರಡೂವರೆ. ಒಂಬತ್ತು ಮುಕ್ಕಾಲು ಗಂಟೆ ಕೂಡಿದರೆ ಮಧ್ಯಾಹ್ನ ಹನ್ನೆರಡೂಕಾಲು. ಟಿಕೆಟಿನಲ್ಲಿ ವೇಳೆಯ ಪಕ್ಕ ಸಣ್ಣದಾಗಿ +1 ಎಂದಿದ್ದರೆ ಅದು ಈ ಮರುದಿನದ ಗುರುತು. ಕರೆತರಲು ಹೋಗುವವರು ಇದನ್ನು ನೋಡದೆ ಒಂದು ದಿನ ಮೊದಲೇ ಹೋಗಿ ನಿಂತ ಉದಾಹರಣೆ ನಮ್ಮ ಓಣಿಯಲ್ಲೇ ಇದೆ.

ಮುಳ್ಳಿನ ಗಡಿಯಾರ ಇದ್ದವರಿಗೆ ಒಂದು ಸುಲಭೋಪಾಯ. ನಮ್ಮ ವೇಳೆ ತೋರಿಸುವ ಕೈಗಡಿಯಾರವನ್ನು ತಲೆಕೆಳಗು ಮಾಡಿ ನೋಡಿ, ಲಂಡನ್ನಿನ ಚಳಿಗಾಲದ ವೇಳೆ ಕಾಣುತ್ತದೆ. ನಮ್ಮ ಮೂರು ಗಂಟೆ ಅಲ್ಲಿಯ ಒಂಬತ್ತೂವರೆ. ಐದೂವರೆ ಗಂಟೆಯ ಅಂತರ ಇರುವುದರಿಂದ ಮಾತ್ರ ಇದು ಹೀಗೆ ಹೊಂದುತ್ತದೆ. ಆ ತಾಯಿ ಗೋಡೆಯ ಗಡಿಯಾರವನ್ನೇ ಇಳಿಸಿ ತಿರುಗಿಸಿ ನೋಡಿದರು.

ಆದರೆ ಮಾರ್ಚ್ ತಿಂಗಳ ಕೊನೆಯ ಭಾನುವಾರ ಬ್ರಿಟನ್ನಿನವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಅಕ್ಟೋಬರಿನ ಕೊನೆಯ ಭಾನುವಾರ ಹಿಂದಿಡುತ್ತಾರೆ. ಆ ನಡುವಿನ ತಿಂಗಳುಗಳಲ್ಲಿ ಅಂತರ ನಾಲ್ಕೂವರೆ ಗಂಟೆ. ಮೇಲಿನ ವಿಮಾನ ಬೇಸಿಗೆಯಲ್ಲಿ ಅಲ್ಲಿಯ ಏಳೂವರೆಗೆ ಇಳಿಯುತ್ತದೆ. ದುಬೈಯಲ್ಲಿ ಈ ಬದಲಾವಣೆ ಇಲ್ಲ, ವರ್ಷವಿಡೀ ಒಂದೂವರೆ ಗಂಟೆ ಹಿಂದೆ.

ಏಳನೇ ಹೆಜ್ಜೆ: ಮನೆಯ ಹೊಸ್ತಿಲಿನಿಂದ

ಈಗ ಎಲ್ಲವನ್ನೂ ಒಂದು ಹಾಳೆಯ ಮೇಲೆ ಇಳಿಸಿ. ಉದಾಹರಣೆಗೆ ಒಂದು ದಿನ ಹೀಗಿರಬಹುದು. ಬೆಳಗಿನ ಐದಕ್ಕೆ ಟಿಳಕವಾಡಿಯ ಮನೆ ಬಿಡುವುದು. ಏಳೂಕಾಲಿಗೆ ಸಾಂಬ್ರಾದಿಂದ ವಿಮಾನ. ಎಂಟೂವರೆಗೆ ಬೆಂಗಳೂರು. ಮಧ್ಯಾಹ್ನ ಒಂದೂವರೆಗೆ ಮುಂದಿನ ವಿಮಾನ. ನಮ್ಮ ಮಧ್ಯರಾತ್ರಿಗೆ ಹೀಥ್ರೂ. ವಲಸೆ ತಪಾಸಣೆ, ಸಾಮಾನು, ಊರೊಳಗಿನ ರೈಲು ಸೇರಿ ಇನ್ನೆರಡು ಗಂಟೆ. ಹೊಸ್ತಿಲಿನಿಂದ ಹೊಸ್ತಿಲಿಗೆ ಇಪ್ಪತ್ತೊಂದು ಗಂಟೆ. ಇದರಲ್ಲಿ ಲಂಡನ್ ವಿಮಾನದ ಪಾಲು ಸರಿಯಾಗಿ ಅರ್ಧ.

ಬೆಂಗಳೂರಿನಲ್ಲಿ ಐದು ಗಂಟೆ ಸುಮ್ಮನೆ ಏಕೆ ಎಂದು ಹಲವರು ಕೇಳುತ್ತಾರೆ. ಎರಡೂ ವಿಮಾನಗಳು ಒಂದೇ ಟಿಕೆಟಿನಲ್ಲಿದ್ದರೆ ಇನ್ನೂ ಕಡಿಮೆ ಸಾಕು, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಬೇರೆ ವಿಮಾನದಲ್ಲಿ ಕೂರಿಸುವ ಹೊಣೆ ಕಂಪನಿಯದು. ಬೇರೆ ಬೇರೆ ಟಿಕೆಟ್ ಆದರೆ ಹೊಣೆ ಪೂರ್ತಿ ನಿಮ್ಮದು. ಒಂದು ಜುಲೈಯಲ್ಲಿ ನಾನು ಬೇರೆ ಬೇರೆ ಟಿಕೆಟ್ ತೆಗೆಸಿ ನಡುವೆ ಮೂರು ಗಂಟೆ ಇಟ್ಟಿದ್ದೆ. ಸಾಂಬ್ರಾದ ಮೇಲೆ ಮೋಡ ನೆಲಕ್ಕೆ ತಾಗುವಂತೆ ಇಳಿದಿತ್ತು, ಬರಬೇಕಾದ ವಿಮಾನ ಬರಲಿಲ್ಲ. ಎರಡನೇ ಟಿಕೆಟಿನ ಹಣ ಹೋಯಿತು. ಅಂದಿನಿಂದ ಮಳೆಗಾಲದಲ್ಲಿ ಕೇಳಿದವರಿಗೆಲ್ಲ ಹಿಂದಿನ ರಾತ್ರಿಯೇ ಬಸ್ಸಿಗೋ ರೈಲಿಗೋ ಹತ್ತಿ ಬೆಂಗಳೂರು ಸೇರಿಕೊಳ್ಳಿ ಎನ್ನುತ್ತೇನೆ.

ಆ ತಾಯಿಗೆ ಹಾಳೆಯ ಕೆಳಗೆ ಇನ್ನೊಂದು ಸಾಲು ಬೇಕಿತ್ತು. ಮಗ ತರಗತಿ ಮುಗಿಸಿ ಕೋಣೆ ಸೇರುವುದು ಅಲ್ಲಿಯ ಸಂಜೆ ಐದಕ್ಕೆ. ಚಳಿಗಾಲದಲ್ಲಿ ನಮ್ಮ ರಾತ್ರಿ ಹತ್ತೂವರೆಗೆ, ಬೇಸಿಗೆಯಲ್ಲಿ ಒಂಬತ್ತೂವರೆಗೆ ಫೋನ್ ಮಾಡಿ ಎಂದು ಬರೆದೆ. ಅವರು ಅದನ್ನು ದೇವರ ಮನೆಯ ಪಕ್ಕದ ಕ್ಯಾಲೆಂಡರಿಗೆ ಅಂಟಿಸಿ, ಮಾರ್ಚ್ ಮತ್ತು ಅಕ್ಟೋಬರ್ ಪುಟಗಳ ಕೊನೆಯ ಭಾನುವಾರಕ್ಕೆ ಕುಂಕುಮದಿಂದ ಗುರುತು ಹಾಕಿದರು.